ಮೂರು ಬಾರಿ ನುಡಿದ ಎಚ್ಚರಿಕೆ

2023ರ ಜೂನ್ 1ರಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ಭಾರತೀಯ ವಾಯುಪಡೆಯ ‘ಕಿರಣ್’ ತರಬೇತಿ ವಿಮಾನವೊಂದು ಬಯಲಿಗೆ ಬಿದ್ದು ಚೂರಾಯಿತು. ಅದರಲ್ಲಿದ್ದ ಇಬ್ಬರು ವೈಮಾನಿಕರೂ ಆಸನಸಹಿತವಾಗಿ ಹೊರಕ್ಕೆ ಚಿಮ್ಮಿ, ಪ್ಯಾರಾಚೂಟಿನ ನೆರವಿನಿಂದ ನೆಲಕ್ಕಿಳಿದು ಬದುಕಿಕೊಂಡರು. ಯಳಂದೂರು, ಮಾಂಬಳ್ಳಿ, ಕೊಳ್ಳೇಗಾಲದ ಕಡೆಯ ಜನರಿಗೆ ವಿಮಾನವೆಂದರೆ ಬಹುಮಟ್ಟಿಗೆ ತಲೆಯ ಮೇಲೆ ಹಾದುಹೋಗುವ ಒಂದು ಸದ್ದು. ಅಂದು ಮಾತ್ರ ಅದು ನೆರೆಯ ತಾಲ್ಲೂಕಿನ ಹೊಲದ ಸುದ್ದಿಯಾಯಿತು.

ಇಂಥ ಸುದ್ದಿ ಬಂದೊಡನೆ ಎಲ್ಲರ ನಾಲಗೆಯ ಮೇಲೂ ಮೂಡುವ ಪ್ರಶ್ನೆ ಒಂದೇ: ತಪ್ಪು ಯಾರದು? ಅದು ಸಹಜವಾದ ಪ್ರಶ್ನೆಯೇ ಸರಿ. ಆದರೆ ಅದಕ್ಕಿಂತ ಹೆಚ್ಚು ಫಲ ಕೊಡುವ ಪ್ರಶ್ನೆ ಇನ್ನೊಂದಿದೆ: ಇಬ್ಬರು ಬದುಕಿದ್ದು ಹೇಗೆ? ಆ ಆಸನಗಳನ್ನು ಅಲ್ಲಿ ಜೋಡಿಸಿದವರು, ಯಂತ್ರವು ಎಂದಾದರೊಂದು ದಿನ ಕೈಕೊಡಬಹುದು, ಮನುಷ್ಯನು ಎಂದಾದರೊಂದು ದಿನ ತಪ್ಪಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡಿದ್ದರು. ಒಪ್ಪಿಕೊಂಡದ್ದರಿಂದಲೇ ಅದಕ್ಕೆ ತಕ್ಕ ಏರ್ಪಾಡನ್ನೂ ಮಾಡಿದ್ದರು.

ಪ್ರಯಾಣಿಕರನ್ನು ಹೊತ್ತೊಯ್ಯುವ ವಿಮಾನದಲ್ಲಿ ಹೊರಕ್ಕೆ ಚಿಮ್ಮುವ ಆಸನಗಳಿಲ್ಲ. ಮಡಿಲಲ್ಲಿ ಕೂಸನ್ನಿಟ್ಟುಕೊಂಡ ತಾಯಿಯೂ, ಮಗನನ್ನು ನೋಡಲು ಮೊದಲ ಬಾರಿಗೆ ಪರದೇಶಕ್ಕೆ ಹೊರಟ ವೃದ್ಧರೂ ಅಲ್ಲಿ ನೆಚ್ಚಬೇಕಾದದ್ದು ವಿಮಾನ ನೆಲ ಬಿಡುವ ಮೊದಲೇ ಯಾರೋ ನಡೆಸಿರುವ ಮುಂದಾಲೋಚನೆಯನ್ನು. ಆ ಮುಂದಾಲೋಚನೆಯನ್ನು ಒಬ್ಬಿಬ್ಬರ ಜಾಣತನಕ್ಕೆ ಬಿಡದೆ, ಇಡೀ ಸಂಸ್ಥೆಯ ನಿತ್ಯದ ನಡವಳಿಕೆಯನ್ನಾಗಿ ಮಾಡುವ ಏರ್ಪಾಡಿಗೆ ಇಂದು ‘ಸುರಕ್ಷತಾ ನಿರ್ವಹಣಾ ವ್ಯವಸ್ಥೆ’ ಎಂದು ಹೆಸರು.

ಕಡಿದ ಎಳೆ

ಹೆಸರು ಭಾರವಾದದ್ದು, ಒಳಗಿನ ತಿರುಳು ಸರಳವಾದದ್ದು. ಮಾಂಬಳ್ಳಿ, ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸವನ್ನು ಬಲ್ಲವರಿಗೆ ಇದು ಒಡನೆಯೇ ತಿಳಿಯುತ್ತದೆ. ಬಿಸಿನೀರಿನಲ್ಲಿ ಕುಣಿಯುವ ಹಲವು ಗೂಡುಗಳ ಎಳೆಗಳು ಒಂದಾಗಿ ಸೇರಿ ಒಂದು ನೂಲಾಗುತ್ತದೆ. ಅವುಗಳಲ್ಲಿ ಒಂದು ಗೂಡು ಮುಗಿಯಿತು, ಅಥವಾ ಒಂದು ಎಳೆ ಕಡಿಯಿತು ಎನ್ನಿ. ನೂಲು ಆಗಲೇ ಹರಿಯುವುದಿಲ್ಲ. ರಾಟೆ ತಿರುಗುತ್ತಲೇ ಇರುತ್ತದೆ. ದೂರದಿಂದ ನೋಡುವವರಿಗೆ ಏನೂ ಆಗಿಲ್ಲ. ಆದರೆ ನೂಲು ಅಷ್ಟರಮಟ್ಟಿಗೆ ತೆಳುವಾಗಿದೆ. ಪಳಗಿದ ಕೈ ಆ ಕ್ಷಣವೇ ಬೇರೊಂದು ಗೂಡಿನ ಎಳೆಯನ್ನು ಸೇರಿಸುತ್ತದೆ. ಗಮನಿಸದೆ ಬಿಟ್ಟರೆ ಎರಡನೆಯದೂ ಕಡಿಯುತ್ತದೆ, ಮೂರನೆಯದೂ ಕಡಿಯುತ್ತದೆ. ಕೊನೆಗೊಮ್ಮೆ ನೂಲೇ ಹರಿಯುತ್ತದೆ. ಆಗ ಕಟ್ಟಕಡೆಗೆ ಕಡಿದ ಎಳೆಯೊಂದನ್ನೇ ದೂರುವುದು ನ್ಯಾಯವೇ?

ಎಳೆ ಕಡಿದಾಗಲೇ ಕಾಣಬೇಕು. ಕಂಡವನು ಹೇಳಬೇಕು. ಹೇಳಿದ್ದನ್ನು ಮೇಲಿನವರು ಕೇಳಬೇಕು. ಕೇಳಿದ ಮೇಲೆ ಎಳೆಯನ್ನು ಸೇರಿಸಬೇಕು. ಸುರಕ್ಷತೆಯ ಶಾಸ್ತ್ರವೆಲ್ಲ ಈ ನಾಲ್ಕು ಮಾತುಗಳಲ್ಲಿ ಅಡಗಿದೆ. ಇವುಗಳಲ್ಲಿ ಯಾವುದು ತಪ್ಪಿದರೂ ಎಂಥ ಅನಾಹುತವಾದೀತೆಂಬುದಕ್ಕೆ ಕನ್ನಡನಾಡಿನ ನೆಲದಲ್ಲಿಯೇ ಮರೆಯಲಾಗದ ಸಾಕ್ಷಿಯಿದೆ.

ಕೆಂಜಾರಿನ ಗುಡ್ಡದ ಮೇಲೆ

2010ರ ಮೇ 22ರ ಬೆಳಗಿನ 6 ಗಂಟೆಯ ಸುಮಾರು. ದುಬೈನಿಂದ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737 ವಿಮಾನವು ಮಂಗಳೂರನ್ನು ಸಮೀಪಿಸುತ್ತಿತ್ತು. 160 ಮಂದಿ ಪ್ರಯಾಣಿಕರು, 6 ಮಂದಿ ಸಿಬ್ಬಂದಿ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯಿಂದ ಕೊಲ್ಲಿನಾಡಿಗೆ ದುಡಿಯಲು ಹೋಗಿ ರಜೆಗೆಂದು ಮನೆಗೆ ಮರಳುತ್ತಿದ್ದವರು ಅದರಲ್ಲಿ ಅನೇಕರಿದ್ದರು. ಮಂಗಳೂರಿನ ವಿಮಾನ ನಿಲ್ದಾಣವಿರುವುದು ಗುಡ್ಡದ ನೆತ್ತಿಯನ್ನು ಮೇಜಿನಂತೆ ಸಮಮಾಡಿದ ನೆಲದಲ್ಲಿ. ರನ್‌ವೇಯ ಅಂಚಿನಾಚೆ ಕಣಿವೆ. ಎಚ್ಚರ ತಪ್ಪಿದರೆ ಮನ್ನಿಸುವ ಜಾಗವಲ್ಲ ಅದು.

ವಿಮಾನವು ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು; ಇರಬೇಕಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಇಳಿಯುವ ಯತ್ನವನ್ನು ಕೈಬಿಟ್ಟು, ಎಂಜಿನ್ನುಗಳಿಗೆ ಪೂರ್ಣ ಬಲ ಕೊಟ್ಟು ಮತ್ತೆ ಮೇಲಕ್ಕೇರಿ, ಒಂದು ಸುತ್ತು ಬಂದು ಹೊಸದಾಗಿ ಇಳಿಯುವುದು. ವೈಮಾನಿಕರು ಇದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ; ಸ್ವಲ್ಪ ಇಂಧನ, ಸ್ವಲ್ಪ ಸಮಯ ಮಾತ್ರ ವ್ಯಯವಾಗುತ್ತದೆ. ಪಕ್ಕದಲ್ಲಿ ಕುಳಿತಿದ್ದ ಸಹಚಾಲಕರು ಈ ಮಾತನ್ನು ಒಂದಲ್ಲ, ಎರಡಲ್ಲ, ಮೂರು ಬಾರಿ ನುಡಿದರು. ವಿಮಾನದ ಯಂತ್ರವೂ ತನ್ನ ದನಿಯಲ್ಲಿ ಮತ್ತೆ ಮತ್ತೆ ಎಚ್ಚರಿಸಿತು. ಮುಖ್ಯಚಾಲಕರು ಇಳಿಯುವುದನ್ನೇ ಮುಂದುವರಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ವಿಮಾನದ ಗಾಲಿಗಳು ನೆಲವನ್ನು ಮುಟ್ಟಿದವು. ಉಳಿದ ದೂರ ಸಾಲದೆ ಹೋಯಿತು. ವಿಮಾನವು ಅಂಚನ್ನು ದಾಟಿ, ಅಲ್ಲಿದ್ದ ಕಾಂಕ್ರೀಟಿನ ಕಟ್ಟಡಕ್ಕೆ ರೆಕ್ಕೆ ತಗಲಿ, ಕಣಿವೆಗೆ ಉರುಳಿ ಹೊತ್ತಿಕೊಂಡಿತು. 158 ಮಂದಿ ಮಡಿದರು. ಉಳಿದವರು 8 ಮಂದಿ. ಗುರುತೇ ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ನದಿಯ ದಡದಲ್ಲಿ ಒಟ್ಟಿಗೆ ಮಣ್ಣುಮಾಡಲಾಯಿತು.

ಅಪರಾಧಿ ಯಾರೆಂದು ಹೇಳುವುದು ಇಲ್ಲಿ ಎಷ್ಟು ಸುಲಭ! ಮುಖ್ಯಚಾಲಕರು ಮಾತು ಕೇಳಲಿಲ್ಲ. ತಮ್ಮ ಜೊತೆಗೆ ಅಷ್ಟು ಜನರನ್ನೂ ಒಯ್ದರು. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಕಡತವನ್ನು ಮುಚ್ಚಿಬಿಡಬಹುದಿತ್ತು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ಮುಂದಾಳುತನದ ತನಿಖಾ ನ್ಯಾಯಾಲಯವು ನೇರವಾದ ಕಾರಣವೆಂದು ಮುಖ್ಯಚಾಲಕರ ಆ ಹಟವನ್ನೇ ಹೆಸರಿಸಿತು ನಿಜ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಅದಕ್ಕೆ ಮೊದಲು ಕಡಿದಿದ್ದ ಎಳೆಗಳನ್ನೂ ಒಂದೊಂದಾಗಿ ಎತ್ತಿ ತೋರಿಸಿತು.

ಮೊದಲನೆಯದು ನಿದ್ರೆ. ರಾತ್ರಿಯ ಆ ಪ್ರಯಾಣದಲ್ಲಿ ಮುಖ್ಯಚಾಲಕರು ಒಂದೂವರೆ ಗಂಟೆಗೂ ಮಿಗಿಲಾಗಿ ನಿದ್ರಿಸಿದ್ದರೆಂಬುದು ಧ್ವನಿಮುದ್ರಿಕೆಯಿಂದ ತಿಳಿಯಿತು. ಗಾಢನಿದ್ರೆಯಿಂದ ಎದ್ದವನ ಕಣ್ಣು ತೆರೆದಿದ್ದರೂ ಬುದ್ಧಿ ಕೆಲಹೊತ್ತು ಮಸುಕಾಗಿಯೇ ಇರುತ್ತದೆಂಬುದು ಎಲ್ಲರ ಅನುಭವ. ಎರಡನೆಯದು ರೇಡಾರ್. ಮಂಗಳೂರಿನ ರೇಡಾರ್ ಆಗ ಕೆಟ್ಟಿತ್ತು; ಆ ಕಾರಣದಿಂದ ಕೆಳಗಿಳಿಯಲು ಅಪ್ಪಣೆ ದೊರೆತದ್ದು ವಾಡಿಕೆಗಿಂತ ಹತ್ತಿರಕ್ಕೆ ಬಂದ ಮೇಲೆ. ವಿಮಾನವು ಎತ್ತರದಲ್ಲಿಯೇ ಉಳಿದುದಕ್ಕೆ ಇದೂ ಒಂದು ಕಾರಣ. ಮೂರನೆಯದಂತೂ ಇನ್ನೂ ಯೋಚಿಸತಕ್ಕದ್ದು. ಮೂರು ಸಲ ಬಾಯಿಬಿಟ್ಟು ಹೇಳಿದ ಸಹಚಾಲಕರು ಚಾಲನೆಯನ್ನು ತಮ್ಮ ಕೈಗೆ ಏಕೆ ತೆಗೆದುಕೊಳ್ಳಲಿಲ್ಲ? ಹಾಗೆ ಮಾಡಲು ಸಹಚಾಲಕನಿಗೆ ಅಧಿಕಾರವುಂಟೇ ಇಲ್ಲವೇ ಎಂಬ ವಿಚಾರದಲ್ಲಿ ಅಂದಿನ ಸೂಚನೆಗಳೇ ಅಸ್ಪಷ್ಟವಾಗಿದ್ದವು. ಬಹುಶಃ ಅದೇ ಕಾರಣವಾಗಿರಬೇಕೆಂದು ತನಿಖೆ ಹೇಳಿತು.

ಈ ಮೂರನೆಯ ಎಳೆ ಆ ಮುಂಜಾನೆ ಕಡಿದದ್ದಲ್ಲ. ಎಷ್ಟೋ ಮೊದಲೇ, ಯಾವುದೋ ಕಚೇರಿಯ ಮೇಜಿನ ಮೇಲೆ, ಸ್ಪಷ್ಟವಾಗಿ ಬರೆಯಬೇಕಾದ ಒಂದು ವಾಕ್ಯವನ್ನು ಬರೆಯದೆ ಬಿಟ್ಟಾಗಲೇ ಕಡಿದದ್ದು. ವಿಮಾನವು ನೂರಾರು ಬಾರಿ ಕ್ಷೇಮವಾಗಿ ಇಳಿದಾಗಲೆಲ್ಲ ಆ ದೋಷ ಅಲ್ಲಿಯೇ ಇತ್ತು. ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಅಪಘಾತವಾಗಲಿಲ್ಲವೆಂಬುದು ಸುರಕ್ಷತೆಯ ಪ್ರಮಾಣಪತ್ರವಲ್ಲವೆಂದು ತಿಳಿದವರು ಹೇಳುವುದು ಈ ಅರ್ಥದಲ್ಲಿಯೇ.

ತಲುಪದೆ ಹೋದ ಸುದ್ದಿ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬುದು ಹಳೆಯ ಗಾದೆ. ವಿಮಾನಯಾನವೂ ದೀರ್ಘಕಾಲ ಹಾಗೆಯೇ ನಡೆಯಿತು. ವಿಮಾನ ಬಿದ್ದ ಮೇಲೆ ಕಾರಣ ಹುಡುಕುವುದು, ಒಂದು ಹೊಸ ನಿಯಮ ಸೇರಿಸುವುದು, ಮುಂದಿನದು ಬೀಳುವವರೆಗೆ ಸುಮ್ಮನಿರುವುದು. ಬೀಳುವ ಮೊದಲೇ ತಿಳಿಯುವ ಬಗೆ ಹೇಗೆ? ಅಮೆರಿಕದಲ್ಲಿ ನಡೆದ ಒಂದು ದುರಂತ ಇದಕ್ಕೆ ದಾರಿ ತೋರಿಸಿತು.

1974ರ ಡಿಸೆಂಬರ್ 1ರಂದು ಟಿ.ಡಬ್ಲ್ಯೂ.ಎ. ಸಂಸ್ಥೆಯ ವಿಮಾನವೊಂದು ವಾಷಿಂಗ್ಟನ್ನಿನ ಬಳಿಯ ನಿಲ್ದಾಣಕ್ಕೆ ಇಳಿಯುವಾಗ, ಕೆಟ್ಟ ಹವೆಯಲ್ಲಿ, ಬೇಗನೆ ಕೆಳಗಿಳಿದು ವರ್ಜೀನಿಯದ ಬೆಟ್ಟವೊಂದಕ್ಕೆ ಬಡಿಯಿತು. ಒಳಗಿದ್ದ 92 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಿಲ್ದಾಣದವರು ಕೊಟ್ಟ ಅಪ್ಪಣೆಯನ್ನು ಚಾಲಕರು ಬೇರೆಯಾಗಿ ಅರ್ಥಮಾಡಿಕೊಂಡಿದ್ದರು. ತನಿಖೆಯಲ್ಲಿ ಹೊರಬಿದ್ದ ಸಂಗತಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ತಪ್ಪನ್ನು ಮಾಡಿ ಕೂದಲೆಳೆಯಷ್ಟರಲ್ಲಿ ಪಾರಾಗಿತ್ತು! ಆ ಚಾಲಕರು ತಮ್ಮ ಸಂಸ್ಥೆಗೆ ವರದಿ ಮಾಡಿದ್ದರು. ಸಂಸ್ಥೆ ತನ್ನ ಇತರ ಚಾಲಕರನ್ನು ಎಚ್ಚರಿಸಿತ್ತು. ಆದರೆ ಆ ಎಚ್ಚರಿಕೆ ಟಿ.ಡಬ್ಲ್ಯೂ.ಎ. ಚಾಲಕರನ್ನು ಮುಟ್ಟಲಿಲ್ಲ. ಒಂದು ಮನೆಯಲ್ಲಿ ಗೊತ್ತಿದ್ದ ಸಂಗತಿ ನೆರೆಮನೆಗೆ ತಿಳಿಯದೆ 92 ಜೀವಗಳು ಹೋದವು.

ಇದಾದ ಮೇಲೆ, 1976ರಲ್ಲಿ, ವೈಮಾನಿಕರು ತಮ್ಮ ತಪ್ಪುಗಳನ್ನೂ ತಾವು ಕಂಡ ಅಪಾಯಗಳನ್ನೂ ತಾವಾಗಿಯೇ ತಿಳಿಸಲು ಅಲ್ಲಿ ಒಂದು ಏರ್ಪಾಡು ಹುಟ್ಟಿತು. ಅದರ ಚಾತುರ್ಯವಿರುವುದು ಒಂದು ಅಂಶದಲ್ಲಿ. ವರದಿಗಳನ್ನು ಸ್ವೀಕರಿಸುವ ಕೆಲಸವನ್ನು ದಂಡ ವಿಧಿಸುವ ಇಲಾಖೆಗೆ ಕೊಡದೆ, ಬಾಹ್ಯಾಕಾಶ ಸಂಸ್ಥೆಯಾದ ನಾಸಾಕ್ಕೆ ಒಪ್ಪಿಸಲಾಯಿತು. ಬರೆದವರ ಹೆಸರನ್ನು ತೆಗೆದುಹಾಕಿ ವಿಷಯವನ್ನಷ್ಟೇ ಎಲ್ಲರಿಗೂ ಹಂಚುವ ಪದ್ಧತಿ ಬಂದಿತು. ಭಯವಿಲ್ಲದ ಕಡೆ ಮಾತು ಹೊರಬೀಳುತ್ತದೆ. ಮಾತು ಹೊರಬಿದ್ದ ಕಡೆ ಅಪಾಯ ಬಯಲಾಗುತ್ತದೆ.

ಹಾಗೆಂದ ಮಾತ್ರಕ್ಕೆ ಯಾರು ಏನು ಮಾಡಿದರೂ ಕ್ಷಮೆಯುಂಟೆಂದು ತಿಳಿಯಬಾರದು. ಕುಡಿದು ಕೆಲಸಕ್ಕೆ ಬಂದವನಿಗೂ, ನಿಯಮವನ್ನು ಗೊತ್ತಿದ್ದೂ ಮುರಿದವನಿಗೂ ಶಿಕ್ಷೆ ತಪ್ಪುವುದಿಲ್ಲ. ಆದರೆ ಮನುಷ್ಯಸಹಜವಾದ ಮರೆವು ಬೇರೆ, ಉದ್ಧಟತನ ಬೇರೆ. ಬೋಲ್ಟೊಂದನ್ನು ಬಿಗಿಮಾಡಲು ಮರೆತೆನೇನೋ ಎಂಬ ಸಂದೇಹ ಬಂದ ಮೆಕ್ಯಾನಿಕನು ಓಡಿಬಂದು ಹೇಳಿಕೊಂಡರೆ, ವಿಮಾನವನ್ನು ತಡೆದು ನೋಡಬೇಕೇ ಹೊರತು ಅವನ ಸಂಬಳಕ್ಕೆ ಕೈಹಾಕಬಾರದು. ಒಮ್ಮೆ ಕೈಹಾಕಿದರೆ, ಮುಂದಿನ ಬಾರಿ ಅವನೂ ಅವನ ಜೊತೆಗಾರರೂ ಬಾಯಿ ಹೊಲಿದುಕೊಳ್ಳುತ್ತಾರೆ. ಆ ಮೌನ ಸಡಿಲ ಬೋಲ್ಟಿಗಿಂತಲೂ ಘೋರವಾದದ್ದು.

ನಾಲ್ಕು ಕಂಬಗಳು

ನಾನಾ ದೇಶಗಳಲ್ಲಿ ಚದುರಿಹೋಗಿದ್ದ ಇಂಥ ಅನುಭವಗಳನ್ನೆಲ್ಲ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಒಂದು ಚೌಕಟ್ಟಿಗೆ ತಂದಿತು. ಸುರಕ್ಷತಾ ನಿರ್ವಹಣೆಗೆಂದೇ ಮೀಸಲಾದ ಅದರ 19ನೆಯ ಅನುಬಂಧ 2013ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಭಾರತದಲ್ಲಿಯೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಮಾನ ಸಂಸ್ಥೆಗಳಿಗೂ ನಿಲ್ದಾಣಗಳಿಗೂ ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ. ಈ ಚೌಕಟ್ಟಿಗೆ ನಾಲ್ಕು ಕಂಬಗಳು.

ಮೊದಲನೆಯದು ನೀತಿ ಮತ್ತು ಹೊಣೆ. ಸುರಕ್ಷತೆಗೆ ಕೊನೆಯ ಹೊಣೆಗಾರನು ಯಾವುದೋ ಮೂಲೆಯ ಗುಮಾಸ್ತನಲ್ಲ. ಹಣ ಮಂಜೂರು ಮಾಡುವ ಅಧಿಕಾರವುಳ್ಳ ಹಿರಿಯ ಅಧಿಕಾರಿಯೇ ಆಗಿರಬೇಕು. ದುರಸ್ತಿಗೆ ಬೇಕಾದ ದುಡ್ಡನ್ನು ತಡೆಹಿಡಿದವನೇ ಸುರಕ್ಷತೆಯ ಮೇಲೆ ಭಾಷಣ ಮಾಡುವಂತಾಗಬಾರದೆಂಬುದು ಇದರ ಉದ್ದೇಶ.

ಎರಡನೆಯದು ಅಪಾಯದ ತೂಕ. ಸಂಗತಿ ಎಷ್ಟು ಬಾರಿ ಒದಗಬಹುದು, ಒದಗಿದರೆ ಎಷ್ಟು ಹಾನಿಯಾಗಬಹುದು ಎಂಬ ಎರಡನ್ನೂ ಕೂಡಿಸಿ ಅಳೆಯುವುದು. ನಿಲ್ದಾಣದ ಪಕ್ಕದಲ್ಲಿ ಕಸ ಸುರಿದರೆ ಹದ್ದುಗಳು ಬರುತ್ತವೆ; ಹದ್ದು ಎಂಜಿನ್ನಿಗೆ ಸಿಕ್ಕಿದರೆ ಎಂಜಿನ್ನು ಹಾಳಾಗುತ್ತದೆ. ಹದ್ದನ್ನು ಬೈದು ಪ್ರಯೋಜನವಿಲ್ಲ, ಕಸವನ್ನು ತೆಗೆಯಬೇಕು. ಕಾರಣದ ಬೇರನ್ನು ಹುಡುಕುವ ಕೆಲಸವೆಂದರೆ ಇದೇ.

ಮೂರನೆಯದು ಖಾತರಿ. ಮಾಡಿದ ಏರ್ಪಾಡು ನಿಜವಾಗಿ ನಡೆಯುತ್ತಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುವುದು. ಇಂದಿನ ದೊಡ್ಡ ವಿಮಾನಗಳು ತಮ್ಮ ಎತ್ತರ, ವೇಗ, ನೆಲ ಮುಟ್ಟಿದ ಬಿರುಸು ಎಲ್ಲವನ್ನೂ ತಾವೇ ದಾಖಲಿಸುತ್ತವೆ. ಅವು ಬಿದ್ದಾಗ ಮಾತ್ರವಲ್ಲ, ಕ್ಷೇಮವಾಗಿ ಇಳಿದಾಗಲೂ ಆ ದಾಖಲೆಯನ್ನು ಓದುತ್ತಾರೆ. ಯಾವ ನಿಲ್ದಾಣದಲ್ಲಿ ವಿಮಾನಗಳು ಮತ್ತೆ ಮತ್ತೆ ಎತ್ತರದಿಂದ ಇಳಿಯುತ್ತಿವೆ ಎಂಬುದು ಅದರಿಂದ ಮೊದಲೇ ತಿಳಿಯುತ್ತದೆ.

ನಾಲ್ಕನೆಯದು ಶಿಕ್ಷಣ ಮತ್ತು ಪ್ರಸಾರ. ತಿಳಿದದ್ದನ್ನು ಕಡತದಲ್ಲಿ ಹೂಳದೆ, ಚಾಲಕರಿಂದ ಹಿಡಿದು ಸಾಮಾನು ಹೇರುವವರವರೆಗೆ ಎಲ್ಲರಿಗೂ ಮುಟ್ಟಿಸುವುದು. ವರ್ಜೀನಿಯದ ಬೆಟ್ಟದ ಮೇಲೆ ಕಲಿತ ಪಾಠ ಇದೇ ತಾನೇ?

ಕಾಗದದ ಮೇಲಿನ ಕಂಬ

ಕಂಬಗಳನ್ನು ಕಾಗದದ ಮೇಲೆ ಬರೆಯುವುದು ಕಷ್ಟವಲ್ಲ. ಅವುಗಳ ಮೇಲೆ ಭಾರ ಬಿದ್ದಾಗಲೇ ಪರೀಕ್ಷೆ. ಮಂಗಳೂರಿನ ದುರಂತದ ತರುವಾಯ ಭಾರತದಲ್ಲಿ ಬಹಳಷ್ಟು ಕೆಲಸಗಳಾದವು. ತನಿಖೆಗೆಂದೇ ಪ್ರತ್ಯೇಕ ಸಂಸ್ಥೆ ಬೇಕೆಂಬ ಸಲಹೆ ಬಂದಿತ್ತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಸ್ಥಾಪನೆಯಾಯಿತು. ನಿಯಮಗಳು ತಿದ್ದುಪಡಿಯಾದವು, ತರಬೇತಿಗಳು ನಡೆದವು. ಆದರೂ ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಕೇರಳದ ಕೋಯಿಕ್ಕೋಡಿನಲ್ಲಿ ಏನಾಯಿತು?

ಮತ್ತೆ ದುಬೈನಿಂದ ಬಂದ ವಿಮಾನ; ಮತ್ತೆ ಅದೇ ಸಂಸ್ಥೆ, ಅದೇ ಬಗೆಯ ಬೋಯಿಂಗ್; ಮತ್ತೆ ಗುಡ್ಡದ ನೆತ್ತಿಯ ರನ್‌ವೇ. ವಿಮಾನವು ರನ್‌ವೇಯ ಅರ್ಧದಷ್ಟು ದೂರ ಕಳೆದ ಮೇಲೆ ನೆಲ ಮುಟ್ಟಿತು. ಸಹಚಾಲಕರು ‘ಗೋ ಅರೌಂಡ್’ ಎಂದರು. ಮುಖ್ಯಚಾಲಕರು ಇಳಿಯುವುದನ್ನು ಬಿಡಲಿಲ್ಲ. ಸಹಚಾಲಕರು ಚಾಲನೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅಂಚು ದಾಟಿ ಇಳಿಜಾರಿಗೆ ಬಿದ್ದ ವಿಮಾನ ಮುರಿಯಿತು. 190 ಮಂದಿಯಲ್ಲಿ 21 ಮಂದಿ, ಇಬ್ಬರು ಚಾಲಕರೂ ಸೇರಿ, ಪ್ರಾಣ ತೆತ್ತರು. ಚಾಲಕರ ತಪ್ಪನ್ನು ಹೆಸರಿಸಿದ ತನಿಖಾ ವರದಿಯೇ, ಈ ಅವಘಡದಲ್ಲಿ ವ್ಯವಸ್ಥೆಯ ವೈಫಲ್ಯಗಳ ಪಾತ್ರವನ್ನು ಕಡೆಗಣಿಸಲಾಗದೆಂದೂ ಬರೆಯಿತು.

ಹತ್ತು ವರ್ಷಗಳ ಅಂತರದಲ್ಲಿ ಅದೇ ಮಾತು, ಅದೇ ಕಿವುಡು! ನಿಯಮಗಳ ಕೊರತೆ ಇಲ್ಲಿ ಮುಖ್ಯವಲ್ಲವೆಂಬುದು ಇದರಿಂದ ಸ್ಪಷ್ಟ. ಹಿರಿಯನ ಮಾತಿಗೆ ಎದುರಾಡಬಾರದೆಂಬುದು ಈ ನಾಡಿನ ಮನೆಮನೆಯ ಸಂಸ್ಕಾರ. ಊಟದ ಪಂಕ್ತಿಯಲ್ಲಿ ಅದು ಶೋಭೆಯೇ ಸರಿ. ಆದರೆ ನೆಲಕ್ಕೆ ಕೆಲವೇ ನೂರು ಅಡಿಗಳಿರುವಾಗ ಕಿರಿಯನ ಸಂಕೋಚವೂ ಹಿರಿಯನ ಪ್ರತಿಷ್ಠೆಯೂ ಹಿಂದೆ ಕುಳಿತ ನೂರಾರು ಜನರ ಆಯುಷ್ಯವನ್ನು ಪಣಕ್ಕೊಡ್ಡುತ್ತವೆ. ಸಂಸ್ಥೆಯೊಂದು ಗೋಡೆಯ ಮೇಲೆ ಏನು ಬರೆದಿದೆ ಎಂಬುದು ದೊಡ್ಡದಲ್ಲ. ಕಿರಿಯನೊಬ್ಬನು ‘ಬೇಡಿ, ಮೇಲಕ್ಕೇರಿ’ ಎಂದಾಗ ಹಿರಿಯನ ಕೈ ತಾನಾಗಿಯೇ ಮೇಲಕ್ಕೇರಿಸುತ್ತದೆಯೇ ಎಂಬುದೇ ದೊಡ್ಡದು. ಕೇಳದಿದ್ದರೆ ತಾನೇ ಕೈಹಾಕಲು ಕಿರಿಯನಿಗೆ ಧೈರ್ಯವಿದೆಯೇ, ಹಾಗೆ ಮಾಡಿದ್ದಕ್ಕೆ ಮರುದಿನ ಕಚೇರಿಯಲ್ಲಿ ಅವನ ಬೆನ್ನು ತಟ್ಟುವರೇ ಅಥವಾ ಕಾರಣ ಕೇಳಿ ಓಲೆ ಕಳಿಸುವರೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಪಘಾತದ ತನಿಖೆಯ ಏಕಮಾತ್ರ ಉದ್ದೇಶವು ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ಯಾರ ತಲೆಗೂ ತಪ್ಪನ್ನು ಕಟ್ಟುವುದಲ್ಲವೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜೀವಗಳು ಹೋದಾಗ, ಬೂದಿ ಆರುವ ಮೊದಲೇ ಬೀದಿಬೀದಿಗಳಲ್ಲಿ ತೀರ್ಪುಗಳು ಹೊರಬಿದ್ದವು. ದುಃಖಕ್ಕೆ ಆತುರ ಸಹಜ. ಆದರೆ ಒಬ್ಬನನ್ನು ಬೊಟ್ಟುಮಾಡಿ ತೋರಿಸಿದೊಡನೆ ಮಿಕ್ಕ ಎಳೆಗಳನ್ನು ನೋಡುವ ಕಣ್ಣು ಮುಚ್ಚಿಹೋಗುತ್ತದೆ.

ಇದರಲ್ಲಿ ಪ್ರಯಾಣಿಕರ ಪಾಲೂ ಇಲ್ಲದಿಲ್ಲ. ಇಳಿಯುತ್ತಿದ್ದ ವಿಮಾನ ಥಟ್ಟನೆ ಮೂಗೆತ್ತಿ ಮೇಲಕ್ಕೇರಿದರೆ ಒಳಗೆ ಗೊಣಗಾಟ ಏಳುತ್ತದೆ. ಸಣ್ಣ ದೋಷವೊಂದನ್ನು ನೋಡಲೆಂದು ಒಂದು ಗಂಟೆ ತಡಮಾಡಿದರೆ ಸಿಬ್ಬಂದಿಯ ಮೇಲೆ ಕೂಗಾಟ ನಡೆಯುತ್ತದೆ. ಮದುವೆಯ ಮುಹೂರ್ತ ತಪ್ಪೀತೆಂಬ ಕಳವಳ ಸುಳ್ಳಲ್ಲ. ಆದರೆ ತಡವಾದ ಆ ಗಂಟೆಯಲ್ಲಿ ಯಾರೋ ಒಬ್ಬನು ಕಡಿದ ಎಳೆಯನ್ನು ಕಂಡು ಬಾಯಿಬಿಟ್ಟು ಹೇಳಿರುತ್ತಾನೆ, ಮತ್ತೊಬ್ಬನು ಅದನ್ನು ಕೇಳಿರುತ್ತಾನೆ.

ಮನೆಯೆಂಬ ಸಂಸ್ಥೆಗೂ ಈ ಮಾತು ಸಲ್ಲುತ್ತದೆ. ಗಾಜಿನ ಲೋಟ ಒಡೆದ ಮಗುವಿಗೆ ಮೊದಲು ಏಟು ಬಿದ್ದರೆ, ಮುಂದಿನ ಬಾರಿ ಅದು ಗಾಜಿನ ಚೂರುಗಳನ್ನು ಚಾಪೆಯ ಕೆಳಗೆ ತಳ್ಳುತ್ತದೆ; ತುಳಿಯುವ ಕಾಲು ಮಾತ್ರ ಬೇರೆ ಯಾರದೋ. ಗ್ಯಾಸಿನ ವಾಸನೆ ಬರುತ್ತಿದೆಯೆಂದು ಕೆಲಸದಾಕೆ ಹೇಳಿದಾಗ ‘ನಿನಗೇನು ಗೊತ್ತು’ ಎನ್ನದೆ ಎದ್ದು ಹೋಗಿ ನೋಡುವ ಮನೆ ಕ್ಷೇಮವಾದ ಮನೆ. ಆಕಾಶದಲ್ಲಿಯೂ ಇದಕ್ಕಿಂತ ದೊಡ್ಡ ರಹಸ್ಯವೇನಿಲ್ಲ. ಮಂಗಳೂರಿನ ಆ ಮುಂಜಾನೆ ಬೇಕಾಗಿದ್ದ ಜ್ಞಾನ ವಿಮಾನದ ಒಳಗೇ ಇತ್ತು. ಮೂರು ಬಾರಿ ದನಿಯೆತ್ತಿ ತನ್ನನ್ನು ತಿಳಿಸಿಯೂ ಇತ್ತು. ಇಲ್ಲದ್ದು ಕೇಳುವ ಕಿವಿ.